‘ಬೀದರಿಗೆ ಒಯ್ರಿ’

ನಮ್ಮ ಕಡೆ ‘ಆಸ್ಪತ್ರೆ’ ಎಂಬ ಮಾತು ಬೋರ್ಡಿನ ಮೇಲಷ್ಟೇ. ಜನರ ಬಾಯಲ್ಲಿ ಅದು ದವಾಖಾನಿ. ನಡುರಾತ್ರಿ ಬ್ಯಾನಿ ತಿನ್ನುವ ಹೆಣ್ಣುಮಗಳನ್ನು ತಾಲ್ಲೂಕು ದವಾಖಾನಿಗೆ ಕರೆತಂದವರ ಕಿವಿಯೆಲ್ಲ ಒಂದೇ ಮಾತಿನ ಮೇಲೆ: ಇಲ್ಲೇ ಆಗ್ತದಂತಾರೋ, ‘ಬೀದರಿಗೆ ಒಯ್ರಿ’ ಅಂತಾರೋ. ಹುಮನಾಬಾದಿನಿಂದ ಜಿಲ್ಲಾ ಕೇಂದ್ರ ಬೀದರಿಗೆ ಸುಮಾರು 50 ಕಿ.ಮೀ., ಬಸವಕಲ್ಯಾಣದಿಂದ 80ರ ಹತ್ತಿರ.

ಆರೋಗ್ಯದ ದುಡ್ಡಿಗೆ ಕತ್ತರಿ ಬಿದ್ದರೆ ದವಾಖಾನಿಗೆ ಬೀಗ ಬೀಳುವುದಿಲ್ಲ. ಗೋಡೆ, ಮಂಚ ಎಲ್ಲ ಇದ್ದಲ್ಲೇ ಇರುತ್ತವೆ. ಅರಿವಳಿಕೆ ಕೊಡುವ ಡಾಕ್ಟರ ಹುದ್ದೆ ಖಾಲಿ ಉಳಿದರೆ ಸಾಕು, ಹೆರಿಗೆ ಡಾಕ್ಟರು ಇದ್ದೂ ಸಿಸೇರಿಯನ್ ನಿಲ್ಲುತ್ತದೆ, ‘ಬೀದರಿಗೆ ಒಯ್ರಿ’ ಎಂಬ ಮಾತು ಬರುತ್ತದೆ. 108 ಆಂಬುಲೆನ್ಸ್ ಪುಕ್ಕಟೆ ಒಯ್ಯುತ್ತದೆ, ನಿಜ. ಜೊತೆಗೆ ಹೋದ ಅತ್ತೆಯ ಊಟ, ಗಂಡನ ನಾಲ್ಕು ದಿನದ ಕೂಲಿ? ಅದನ್ನು ಯಾವ ಬಜೆಟ್ ಪುಸ್ತಕವೂ ಬರೆದುಕೊಳ್ಳುವುದಿಲ್ಲ.

ರಾಜ್ಯಗಳು ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಅದಕ್ಕೆ 2020ರ ಗಡುವೂ ಇತ್ತು. ಕರ್ನಾಟಕದ ಪಾಲು ಶೇ 5ರ ಆಸುಪಾಸಿನಲ್ಲೇ ಸುಳಿಯುತ್ತಿದೆ. ಹಾಗಂತ ಈ ಭಾಗಕ್ಕೆ ದುಡ್ಡೇ ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮು ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ 5,000 ಕೋಟಿ ರೂಪಾಯಿ ಘೋಷಿಸಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಯ ಹೃದ್ರೋಗ ಆಸ್ಪತ್ರೆ ತೆರೆಯಿತು. (ಹಾಸಿಗೆಯ ಲೆಕ್ಕಕ್ಕೂ ಸಂವಿಧಾನದ ಕಲಮು!) ಎದೆನೋವಿನವರು ಹೈದರಾಬಾದಿನ ದಾರಿ ಹಿಡಿಯುವುದು ಇದರಿಂದ ತಪ್ಪೀತು, ಸಂತೋಷವೇ. ಆದರೆ ಕಟ್ಟುವ ದುಡ್ಡು ಬೇರೆ, ನಡೆಸುವ ದುಡ್ಡು ಬೇರೆ. ಕಟ್ಟುವುದಕ್ಕೆ ಅಡಿಗಲ್ಲು ಉಂಟು, ರಿಬ್ಬನ್ ಉಂಟು. ರಾತ್ರಿಪಾಳಿಯ ಸಿಸ್ಟರಿನ ಪಗಾರಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ?

ದವಾಖಾನಿ ನಡೆಸುವವರ ಕೈಗೆ ತಕ್ಷಣ ಎಟಕುವುದು ಆರೋಗ್ಯ ರಕ್ಷಾ ಸಮಿತಿಯ ಖಾತೆ. ಹೊರರೋಗಿಗಳ ಚೀಟಿ ದುಡ್ಡು, ಆಯುಷ್ಮಾನ್ ಕ್ಲೇಮಿನ ಪಾಲು ಅಲ್ಲಿಗೆ ಸೇರುತ್ತವೆ. ಜನರೇಟರಿನ ಡೀಸೆಲ್ಲು, ಕೆಟ್ಟ ಮೋಟರು, ಮುಗಿದ ಗ್ಲೌಸು ಇದರಲ್ಲೇ ಸರಿಹೋಗಬೇಕು. ಹಾಗೆಂದು ಚೀಟಿ ದರ ಏರಿಸಿ ತೂಗಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ 10 ರೂಪಾಯಿ ಚೀಟಿ 20 ಆಯಿತು. ಕೂಲಿ ಬಿಟ್ಟು ಬಂದವಳಿಗೆ ಆ ಹತ್ತೂ ಲೆಕ್ಕವೇ.

ಇನ್ನು ಗುತ್ತಿಗೆ ಸಿಸ್ಟರುಗಳು. ಅವರ ಪಗಾರ ಬರುವ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು 40. ಎಲ್ಲಿ ಕಂತು ತಡವಾದರೂ ಪಗಾರ ತಡ. 2023ರ ಫೆಬ್ರುವರಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು, ಕಾಯಂ ಮಾಡಿ ಎಂದು. ಮಾರ್ಚ್ ಮುಗಿದರೆ ಅವರ ಒಪ್ಪಂದವೂ ಮುಗಿಯಿತು. ಮುಂದಿನ ವರ್ಷದ ಆದೇಶ ಕೈಸೇರುವ ತನಕ ಹೆರಿಗೆ ಕೋಣೆಯಲ್ಲಿ ಎಂದಿನ ಕೆಲಸವೇ ನಡೆದಿರುತ್ತದೆ. ಕೂಸು ಆದೇಶ ನೋಡಿಕೊಂಡು ಹುಟ್ಟುವುದಿಲ್ಲವಲ್ಲ.