ಭಾವಚಿತ್ರವನ್ನು ಎಷ್ಟರಮಟ್ಟಿಗೆ ತಿದ್ದಬಹುದು?

ಮೈಸೂರಿನಿಂದ ಕಬಿನಿ ಹಿನ್ನೀರಿನ ಕಾಡಿಗೆ ಹುಲಿ ಚಿರತೆಗಳ ಚಿತ್ರ ತೆಗೆಯಲು ಹೋಗುವವರ ವಾಹನಗಳು ನಮ್ಮ ಹ್ಯಾಂಡ್‌ಪೋಸ್ಟನ್ನು ಹಾದು ಹೋಗುವುದನ್ನು ವಾಚಕರು ನಿತ್ಯವೂ ನೋಡಿದ್ದಾರೆ. ಅವರ ಮಡಿಲಲ್ಲಿ ಮೊಳದುದ್ದದ ಮಸೂರಗಳು. ನಮ್ಮ ಕೈಯಲ್ಲಿ ಫೋನು. ಇಬ್ಬರೂ ಹವ್ಯಾಸಿಗಳೇ. ಆದರೆ ಅವರ ಹವ್ಯಾಸದಲ್ಲಿರುವ ಒಂದು ಕಟ್ಟುನಿಟ್ಟು ನಮ್ಮಲ್ಲಿಲ್ಲ. ವನ್ಯಜೀವಿ ಚಿತ್ರಗಳ ಸ್ಪರ್ಧೆಗಳಲ್ಲಿ, ದೃಶ್ಯದಲ್ಲಿದ್ದುದನ್ನು ಅಳಿಸುವುದಾಗಲಿ ಇಲ್ಲದುದನ್ನು ಸೇರಿಸುವುದಾಗಲಿ ನಿಷಿದ್ಧ. ಚಿರತೆಯ ಮೈಮೇಲಿನ ಒಂದು ಚುಕ್ಕೆಯನ್ನು ಅಳಿಸಿದರೂ ಚಿತ್ರ ತಿರಸ್ಕೃತವಾದೀತು. ಇದು ಬರಿಯ ಹಠವಲ್ಲ. 1990ರ ದಶಕದ ಆದಿಯಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ, ಪ್ರಾಣಿ ಹಾದೊಡನೆ ತಾವಾಗಿ ಚಿತ್ರ ಹಿಡಿಯುವ ಕ್ಯಾಮರಾಗಳಿಂದ ಹುಲಿಗಳನ್ನು ಎಣಿಸತೊಡಗಿದಾಗ, ಒಂದು ಹುಲಿಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಿಕೊಟ್ಟದ್ದು ಮೈಮೇಲಿನ ಪಟ್ಟೆಗಳೇ.

ಮನುಷ್ಯನ ಮುಖಕ್ಕೆ ಮಾತ್ರ ಈ ರಕ್ಷಣೆ ಇಲ್ಲ.

ತಿದ್ದುವಿಕೆ ಕಂಪ್ಯೂಟರಿನೊಡನೆ ಹುಟ್ಟಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಗಾಜಿನ ಫಲಕಗಳ ಕಾಲದಲ್ಲೇ ಸ್ಟುಡಿಯೋಗಳಲ್ಲಿ ಇದು ಒಂದು ಕಸುಬಾಗಿತ್ತು. ನೆಗೆಟಿವನ್ನು ಇಳಿಜಾರಾದ ಮೇಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬರುವಂತೆ ಮಾಡಿ, ತೆಳುವಾಗಿ ವಾರ್ನಿಷ್ ಸವರಿ, ಸೂಜಿಯಂತೆ ಚೂಪು ಮಾಡಿದ ಸೀಸದಕಡ್ಡಿಯಿಂದ ಚುಕ್ಕೆಗಳನ್ನಿಡುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾದುದು ಕಾಗದದ ಮೇಲೆ ಬೆಳ್ಳಗಾಗುತ್ತದೆ. ಆದುದರಿಂದ ಸೀಸ ತಗುಲಿದಲ್ಲೆಲ್ಲ ಸುಕ್ಕು, ಮಚ್ಚೆ, ಕಣ್ಣ ಕೆಳಗಿನ ಕಪ್ಪು ಮಾಯವಾಗುತ್ತಿದ್ದುವು. ಕಪ್ಪು ಬೇಕಾದಲ್ಲಿ ಸಣ್ಣ ಚಾಕುವಿನಿಂದ ಕೆರೆಯುತ್ತಿದ್ದರು.

ಇದಕ್ಕೆ ನ್ಯಾಯವಾದ ಕಾರಣವೂ ಇತ್ತು. ಆ ಕಾಲದ ಫಲಕಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಕೆಂಪು, ಕಂದು ಬಣ್ಣಗಳು ಇದ್ದುದಕ್ಕಿಂತ ಕಪ್ಪಾಗಿ ಮೂಡಿ, ಮೊಡವೆಯ ಕಲೆ ಗಾಯದಂತೆ ತೋರುತ್ತಿತ್ತು. ಆಗ ತಿದ್ದಿದವನು ತಿದ್ದಿದ್ದು ಫಲಕದ ತಪ್ಪನ್ನು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೆ ಆ ಕಾರಣ ತೀರಿತು. ಸೀಸದಕಡ್ಡಿ ಮಾತ್ರ ನಿಲ್ಲಲಿಲ್ಲ. ವರ್ಣಚಿತ್ರದ ಕಾಲಕ್ಕೆ ಇನ್ನೊಂದು ತೊಡಕು. ಬಣ್ಣದ ಹದ ನೋಡಲೆಂದು ಕೊಡಕ್ ಕಂಪನಿಯು ಚಿತ್ರ ಸಂಸ್ಕರಿಸುವವರಿಗೆ ಒದಗಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಬಹುಕಾಲ ಇದ್ದುದು ಬಿಳಿಯ ಹೆಣ್ಣೊಬ್ಬಳ ಮುಖ. ಆ ಚರ್ಮ ಸರಿಬಂದರೆ ಎಲ್ಲವೂ ಸರಿಯೆಂದು ಲೆಕ್ಕ. ನಮ್ಮ ಕಡೆಯ ಮೈಬಣ್ಣ ಆ ಲೆಕ್ಕದಲ್ಲಿ ಇರಲೇ ಇಲ್ಲ.

ನನ್ನ ಅಜ್ಜಿ ತೀರಿಕೊಂಡಾಗ ಮನೆಯಲ್ಲಿದ್ದುದು ಗುರುತಿನ ಚೀಟಿಗಾಗಿ ತೆಗೆದ ಒಂದೇ ಪಟ. ತಿಥಿಗೆಂದು ಅದನ್ನು ದೊಡ್ಡದು ಮಾಡಿಸಿದೆವು. ಸ್ಟುಡಿಯೋದವರು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಮುಖವನ್ನು ಬೆಳ್ಳಗೆ ಮಾಡಿ, ಸುಕ್ಕು ಸವರಿ, ರೇಷ್ಮೆ ಸೀರೆ ಉಡಿಸಿ, ಹಿಂದೆ ನೀಲಿ ಆಕಾಶವನ್ನಿಟ್ಟು ಕೊಟ್ಟರು. ಹಣೆಯ ಹಸಿರು ಹಚ್ಚೆಯೂ ಗದ್ದದ ಮೂರು ಚುಕ್ಕೆಗಳೂ ಕಲೆಗಳ ಲೆಕ್ಕಕ್ಕೆ ಸೇರಿ ಅಳಿಸಿಹೋಗಿದ್ದುವು. ಹಚ್ಚೆ ಹಾಕಿಸಿಕೊಂಡಾಗ ಅವಳಿಗೆ ಎಂಟು ವರ್ಷವಂತೆ. ಸತ್ತರೂ ಜೊತೆಗೆ ಬರುವ ಒಡವೆ ಅದೊಂದೇ ಎನ್ನುತ್ತಿದ್ದಳು. ಪಟ ಲಕ್ಷಣವಾಗಿದೆಯೆಂದು ನೆಂಟರೆಲ್ಲ ಹೊಗಳಿದರು. ನನ್ನ ತಂದೆ ಮಾತ್ರ ಸ್ವಲ್ಪ ಹೊತ್ತು ನೋಡಿ, ಹಳೆಯ ಗುರುತಿನ ಚೀಟಿಯನ್ನು ತಂದು ಪಟದ ಮೂಲೆಗೆ ಸಿಕ್ಕಿಸಿದರು.

ಅಂದಮಾತ್ರಕ್ಕೆ ಮುಖವನ್ನು ಮೃದುವಾಗಿ ತೋರಿಸಲೇಬಾರದೆಂದು ನನ್ನ ವಾದವಲ್ಲ. ಅದಕ್ಕೆ ಮಸೂರವುಂಟು, ಬೆಳಕುಂಟು. 1840ರಲ್ಲಿ ವಿಯೆನ್ನಾದ ಪೆಟ್ಸ್‌ವಾಲ್ ರಚಿಸಿದ ಭಾವಚಿತ್ರದ ಮಸೂರವು ನಡುವೆ ಸ್ಪಷ್ಟ, ಅಂಚಿನಲ್ಲಿ ಮಸುಕು. ಮುಖ ನಿಂತು ಸುತ್ತಣದು ಕರಗುತ್ತಿತ್ತು. ಸೋವಿಯತ್ ಕಾಲದ ಹೀಲಿಯಾಸ್-44 ಎಂಬ 58 ಮಿ.ಮೀ. ಮಸೂರವನ್ನು ಲೋಹದ ಬಳೆಯೊಂದರ ಸಹಾಯದಿಂದ ಇಂದಿನ ಕ್ಯಾಮರಾಗಳಿಗೆ ಜೋಡಿಸಿ, ಸುಳಿಯಂಥ ಹಿನ್ನೆಲೆಯನ್ನು ಪಡೆಯುವ ಹವ್ಯಾಸಿಗಳು ಈಗಲೂ ಇದ್ದಾರೆ. ಫೋಕಸ್ಸನ್ನು ಕೈಯಿಂದಲೇ ಹೊಂದಿಸಬೇಕು, ಅವಸರದವರಿಗೆ ಹೇಳಿಸಿದ್ದಲ್ಲ. ಅದೂ ಇಲ್ಲದವರಿಗೆ ಮನೆಯ ಜಗಲಿಯಿದೆ. ನಡುಹಗಲ ಬಿಸಿಲಿನಿಂದ ಎಬ್ಬಿಸಿ ಜಗಲಿಯ ನೆರಳಿನ ಅಂಚಿನಲ್ಲಿ ಕುಳ್ಳಿರಿಸಿದರೆ ಅರ್ಧ ಸುಕ್ಕು ತಾನಾಗಿಯೇ ತಗ್ಗುತ್ತದೆ.

ಇನ್ನು ವಿಮರ್ಶೆಯ ಮಾತು. ನಮ್ಮಲ್ಲಿ ಯಾರಾದರೂ ಚಿತ್ರ ತೋರಿಸಿದರೆ ‘ಸೂಪರ್’ ಎಂಬಲ್ಲಿಗೆ ವಿಮರ್ಶೆ ಮುಗಿಯುತ್ತದೆ. ಗೆಳೆಯರ ಬಳಗದಲ್ಲಿ ನಾವು ಈಚೆಗೆ ಎರಡು ಪ್ರಶ್ನೆಗಳನ್ನು ಕೇಳತೊಡಗಿದ್ದೇವೆ. ಅಳಿಸಿದ್ದು ನಾಲ್ಕು ದಿನಗಳಲ್ಲಿ ತಾನೇ ಹೋಗುವ ಮೊಡವೆಯಂಥದೋ, ಜನ್ಮವಿಡೀ ಇರುವಂಥದೋ? ಅಳಿಸೆಂದವರು ಯಾರು, ಪಟದಲ್ಲಿರುವವರೇ? ಸಹಪಾಠಿನಿಯೊಬ್ಬರು, ‘ನನ್ನ ಮುಖ, ನಾನು ಬೆಳ್ಳಗೆ ಮಾಡಿಕೊಂಡರೆ ನಿಮಗೇನು?’ ಎಂದು ಕೇಳಿದರು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಕೆಲವು ಫೋನುಗಳು ಯಾರನ್ನೂ ಕೇಳದೆ ತಾವಾಗಿಯೇ ಬೆಳ್ಳಗೆ ಮಾಡುತ್ತವೆಯಲ್ಲ, ಅದು ಯಾರ ಇಷ್ಟ?

ನೆಗೆಟಿವಿನ ಮೇಲಿನ ಸೀಸದ ಗುರುತುಗಳನ್ನು ಟರ್ಪೆಂಟೈನಿನಿಂದ ಒರೆಸಿ ತೆಗೆಯಬಹುದಾಗಿತ್ತು. ಚಾಕು ಕೆರೆದುದು ಮರಳುತ್ತಿರಲಿಲ್ಲ. ಇಂದಿನ ತಿದ್ದುವಿಕೆಯೂ ಹಾಗೆಯೇ. ಮೂಲದ ಪ್ರತಿ ಉಳಿದಿದ್ದರೆ ಅದು ಸೀಸ; ಮೂಲದ ಮೇಲೆಯೇ ತಿದ್ದಿ ಉಳಿಸಿದರೆ ಚಾಕು. ಮನೆಯ ಹಿರಿಯರ ಪಟವನ್ನು ಸ್ಟುಡಿಯೋಕ್ಕೆ ಕೊಡುವ ಸಹಪಾಠಿಗಳು ಮೊದಲು ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು, ಹಚ್ಚೆ, ಮಚ್ಚೆ, ಮೈಬಣ್ಣಗಳನ್ನು ಮುಟ್ಟಬಾರದೆಂದು ಚೀಟಿಯಲ್ಲಿ ಬರೆದೇ ಕೊಡಲಿ. ಮದುವೆಯ ಕಾಲದಲ್ಲಂತೂ ಅಲ್ಲಿ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ.