ಗಣಕೀಕೃತ ಲೆಕ್ಕಪತ್ರಗಳ ಸುರಕ್ಷತೆಗೆ ಟೇಪ್ ಬ್ಯಾಕಪ್ ವ್ಯವಸ್ಥೆ: ಸಣ್ಣ ವ್ಯಾಪಾರ ಸಂಸ್ಥೆಗಳ ಮಾಹಿತಿಗಾಗಿ

ಪೀಠಿಕೆ

ರೋಜು ಕಿರ್ದಿ, ಖಾತೆ ಪುಸ್ತಕ ಹಾಗೂ ದಾಸ್ತಾನು ವಹಿಗಳನ್ನು ಕೈಬರಹದಲ್ಲಿ ಇಡುತ್ತಿದ್ದ ವರ್ತಕರಲ್ಲಿ ಬಹುಪಾಲು ಮಂದಿ ಈಗ ಅವುಗಳನ್ನು ಗಣಕಯಂತ್ರದಲ್ಲಿ ನಿರ್ವಹಿಸುತ್ತಿದ್ದಾರೆ. ಇದರಿಂದ ಕೆಲಸ ಸುಲಭವಾಗಿದೆಯಾದರೂ, ಒಂದು ಹಾರ್ಡ್ ಡಿಸ್ಕ್ ಕೆಟ್ಟಲ್ಲಿ ಹಲವು ವರ್ಷಗಳ ಲೆಕ್ಕಪತ್ರಗಳು ಒಮ್ಮೆಗೇ ನಾಶವಾಗುವ ಸಂಭವವಿರುತ್ತದೆ. ಸಣ್ಣ ಸಂಸ್ಥೆಯೊಂದು ತನ್ನ ಕಚೇರಿಯ ಗಣಕಜಾಲಕ್ಕೆ ಟೇಪ್ ಬ್ಯಾಕಪ್ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವ ವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ಅಗತ್ಯ

ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಪ್ರಕರಣ 36ರ ಪ್ರಕಾರ, ನೋಂದಾಯಿತ ವರ್ತಕರು ಲೆಕ್ಕಪತ್ರಗಳನ್ನು ಸಂಬಂಧಪಟ್ಟ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಲು ನಿಗದಿಯಾದ ಕೊನೆಯ ದಿನಾಂಕದಿಂದ 72 ತಿಂಗಳುಗಳವರೆಗೆ ಕಾಪಾಡತಕ್ಕದ್ದು. ಉದಾಹರಣೆಗೆ, 2023-24ನೇ ಸಾಲಿನ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕ 31-12-2024 ಆಗಿದ್ದು, ಆ ಸಾಲಿನ ಲೆಕ್ಕಪತ್ರಗಳನ್ನು 31-12-2030ರವರೆಗೆ ಇಡಬೇಕಾಗುತ್ತದೆ. ಮೇಲ್ಮನವಿ ಮುಂತಾದ ನಡವಳಿಗಳು ಬಾಕಿ ಇದ್ದಲ್ಲಿ ಈ ಅವಧಿ ಇನ್ನೂ ಹೆಚ್ಚಾಗಬಹುದು.

ನಿಯಮ 57ರ ಪ್ರಕಾರ, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆಗಳು ನಾಶವಾದಲ್ಲಿ ಅವುಗಳನ್ನು ಸಮಂಜಸ ಅವಧಿಯೊಳಗೆ ಮರಳಿ ಪಡೆಯಲು ಸಾಧ್ಯವಾಗುವಂತೆ ವಿದ್ಯುನ್ಮಾನ ಬ್ಯಾಕಪ್ ಇಡತಕ್ಕದ್ದು. ಹೂಡುವಳಿ ತೆರಿಗೆ ಜಮೆಗೆ ತಾವು ಅರ್ಹರೆಂದು ರುಜುವಾತುಪಡಿಸುವ ಹೊಣೆ ಪ್ರಕರಣ 155ರಂತೆ ವರ್ತಕರದ್ದೇ ಆಗಿರುತ್ತದೆ. ದಾಖಲೆ ಕಳೆದುಹೋದಲ್ಲಿ ನ್ಯಾಯವಾಗಿ ದೊರೆಯಬೇಕಾದ ಜಮೆಯನ್ನು ಸಮರ್ಥಿಸಿಕೊಳ್ಳುವುದೂ ಕಷ್ಟವಾಗುತ್ತದೆ.

ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳು ಲೆಕ್ಕಪತ್ರಗಳನ್ನು ಕನಿಷ್ಠ 8 ಆರ್ಥಿಕ ವರ್ಷಗಳವರೆಗೆ ಕಾಪಾಡತಕ್ಕದ್ದು. 2022ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕು. ಟೇಪ್ ಇದಕ್ಕೆ ಪೂರಕವೇ ಹೊರತು ಬದಲಿಯಲ್ಲ.

2. ಟೇಪಿನ ಪ್ರಯೋಜನ

ಜಾಲಕ್ಕೆ ಸದಾ ಜೋಡಣೆಯಾಗಿರುವ ಡಿಸ್ಕಿನಲ್ಲಿ ಮಾತ್ರ ಪ್ರತಿ ಇಟ್ಟಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಗಳು ಮೂಲವನ್ನೂ ಪ್ರತಿಯನ್ನೂ ಒಟ್ಟಿಗೇ ಹಾಳುಮಾಡಬಲ್ಲವು. 2017ರ ಮೇ ತಿಂಗಳಿನಲ್ಲಿ ಹಲವು ದೇಶಗಳಿಗೆ ಹರಡಿದ ವಾನ್ನಾಕ್ರೈ ಇಂತಹದೇ ತಂತ್ರಾಂಶ. ಡ್ರೈವಿನಿಂದ ಹೊರತೆಗೆದು ಬೀರುವಿನಲ್ಲಿಟ್ಟ ಕಾರ್ಟ್ರಿಜ್ಜನ್ನು ಜಾಲದ ಮೂಲಕ ಯಾರೂ ಮುಟ್ಟಲಾರರು. ಟೇಪಿನ ಮುಖ್ಯ ಪ್ರಯೋಜನವೇ ಇದು.

ಟೇಪ್ ಡ್ರೈವಿನ ಬೆಲೆ ಹೆಚ್ಚು, ಕಾರ್ಟ್ರಿಜ್ಜಿನ ಬೆಲೆ ಕಡಿಮೆ. ಕೆಲವೇ ಗಿಗಾಬೈಟ್‌ಗಳಷ್ಟು ಲೆಕ್ಕಪತ್ರ ಹೊಂದಿರುವ ಅಂಗಡಿಗಳು ಟೇಪ್ ಡ್ರೈವ್ ಖರೀದಿಸುವ ಅಗತ್ಯವಿಲ್ಲ. ಎರಡು ಮೂರು ಹೊರಗಿನ ಹಾರ್ಡ್ ಡಿಸ್ಕ್‌ಗಳನ್ನು ಸರದಿಯಂತೆ ಬಳಸಿ, ಕೆಲಸ ಮುಗಿದ ಕೂಡಲೇ ಕಳಚಿಟ್ಟರೆ ಸಾಕಾಗುತ್ತದೆ. ಸ್ಕ್ಯಾನ್ ಮಾಡಿದ ಬಿಲ್ಲುಗಳು, ನಕ್ಷೆಗಳು, ಚಿತ್ರಗಳು ಮುಂತಾಗಿ ದೊಡ್ಡ ಪ್ರಮಾಣದ ದತ್ತಾಂಶವಿರುವ ಸಂಸ್ಥೆಗಳಿಗೆ ಟೇಪ್ ಸೂಕ್ತ.

3. ಉಪಕರಣಗಳ ಆಯ್ಕೆ

ಸಾಮಾನ್ಯವಾಗಿ ಬಳಕೆಯಲ್ಲಿರುವುದು ಎಲ್‌ಟಿಒ ಮಾದರಿಯ ಟೇಪ್. ಒಂದು ಕಾರ್ಟ್ರಿಜ್ಜಿನ ನಿಜವಾದ ಸಾಮರ್ಥ್ಯ ಈ ಕೆಳಕಂಡಂತಿದೆ:

ಎಲ್‌ಟಿಒ-6: 2.5 ಟೆರಾಬೈಟ್
ಎಲ್‌ಟಿಒ-7: 6 ಟೆರಾಬೈಟ್
ಎಲ್‌ಟಿಒ-8: 12 ಟೆರಾಬೈಟ್
ಎಲ್‌ಟಿಒ-9: 18 ಟೆರಾಬೈಟ್

ಹೊದಿಕೆಯ ಮೇಲೆ ಮುದ್ರಿತವಾಗಿರುವ ದೊಡ್ಡ ಅಂಕಿಯು ದತ್ತಾಂಶ ಕುಗ್ಗುತ್ತದೆಂಬ ಊಹೆಯ ಮೇಲೆ ಕೊಟ್ಟದ್ದು. ಸ್ಕ್ಯಾನ್ ಮಾಡಿದ ಚಿತ್ರಗಳು ಈಗಾಗಲೇ ಕುಗ್ಗಿರುವುದರಿಂದ ಆ ಅಂಕಿಯನ್ನು ನಂಬಿ ಖರೀದಿಸಬಾರದು.

ಎಲ್‌ಟಿಒ-8 ಡ್ರೈವ್ 7 ಮತ್ತು 8ನೇ ಪೀಳಿಗೆಯ ಕಾರ್ಟ್ರಿಜ್‌ಗಳನ್ನು ಮಾತ್ರ ಓದುತ್ತದೆ, ಎಲ್‌ಟಿಒ-6ನ್ನು ಓದುವುದಿಲ್ಲ. ಆದ್ದರಿಂದ ಹೊಸ ಡ್ರೈವ್ ಖರೀದಿಸಿದಾಗ, ಹಳೆಯ ಡ್ರೈವನ್ನು ಕಾಪಾಡಿಕೊಳ್ಳಬೇಕು ಅಥವಾ ಹಳೆಯ ದತ್ತಾಂಶವನ್ನು ಹೊಸ ಕಾರ್ಟ್ರಿಜ್‌ಗಳಿಗೆ ವರ್ಗಾಯಿಸಬೇಕು. ಇದನ್ನು ಕಡೆಗಣಿಸಿದಲ್ಲಿ ಟೇಪ್ ಇದ್ದೂ ಇಲ್ಲದಂತಾಗುತ್ತದೆ.

4. ಜಾಲಕ್ಕೆ ಜೋಡಿಸುವ ಕ್ರಮ

(ಅ) ಕಚೇರಿಯ ಒಂದು ಗಣಕಯಂತ್ರವನ್ನು ಬ್ಯಾಕಪ್ ಸರ್ವರ್ ಆಗಿ ನಿಗದಿಪಡಿಸಿ, ಎಸ್‌ಎಎಸ್ ಕಾರ್ಡ್ ಮೂಲಕ ಟೇಪ್ ಡ್ರೈವನ್ನು ಅದಕ್ಕೆ ಜೋಡಿಸಬೇಕು. ಉಳಿದ ಗಣಕಯಂತ್ರಗಳು ಸ್ವಿಚ್ ಮೂಲಕ ಸರ್ವರಿಗೆ ಸಂಪರ್ಕ ಹೊಂದಿರಬೇಕು.

(ಆ) ದತ್ತಾಂಶವನ್ನು ಜಾಲದಿಂದ ನೇರವಾಗಿ ಟೇಪಿಗೆ ಬರೆಯಬಾರದು. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಮಾತ್ರ ಬರುತ್ತದೆ. ಎಲ್‌ಟಿಒ-8 ಡ್ರೈವ್ ಸೆಕೆಂಡಿಗೆ 300 ಮೆಗಾಬೈಟ್ ಬರೆಯಬಲ್ಲದು. ದತ್ತಾಂಶ ತೀರಾ ನಿಧಾನವಾಗಿ ಬಂದಲ್ಲಿ ಟೇಪ್ ಪದೇ ಪದೇ ನಿಂತು, ಹಿಂದಕ್ಕೆ ಸರಿದು ಮತ್ತೆ ಓಡುವುದರಿಂದ ಟೇಪೂ ಡ್ರೈವೂ ಸವೆಯುತ್ತವೆ. ಆದ್ದರಿಂದ ಮೊದಲು ಸರ್ವರಿನ ಡಿಸ್ಕಿಗೆ ಪ್ರತಿ ಮಾಡಿಕೊಂಡು, ನಂತರ ಅಲ್ಲಿಂದ ಟೇಪಿಗೆ ಬರೆಯಬೇಕು. 300 ಗಿಗಾಬೈಟ್ ದತ್ತಾಂಶ ಜಾಲದ ಮೂಲಕ ಡಿಸ್ಕಿಗೆ ಬರಲು ಸುಮಾರು 50 ನಿಮಿಷ ಬೇಕಾಗುತ್ತದೆ.

(ಇ) ವಿಂಡೋಸ್ ಸರ್ವರ್ 2008 ಮತ್ತು ನಂತರದ ಆವೃತ್ತಿಗಳಲ್ಲಿರುವ ಬ್ಯಾಕಪ್ ಸೌಲಭ್ಯವು ಟೇಪಿಗೆ ಬರೆಯುವುದಿಲ್ಲ. ಪ್ರತ್ಯೇಕ ತಂತ್ರಾಂಶ ಬೇಕು. ಲಿನಕ್ಸ್ ಬಳಸುವವರಿಗೆ ಬಾಕುಲಾ, ಅಮಾಂಡಾ ಎಂಬ ಮುಕ್ತ ತಂತ್ರಾಂಶಗಳು ಲಭ್ಯವಿವೆ.

(ಈ) ಲೆಕ್ಕದ ತಂತ್ರಾಂಶವನ್ನು ಎಲ್ಲರೂ ಮುಚ್ಚಿದ ನಂತರವೇ ಪ್ರತಿ ತೆಗೆಯಬೇಕು. ನಮೂದು ನಡೆಯುತ್ತಿರುವಾಗ ತೆಗೆದ ಪ್ರತಿ ಅಪೂರ್ಣವಾಗಿರಬಹುದು.

5. ಕಾರ್ಟ್ರಿಜ್‌ಗಳ ಸರದಿ

ಒಂದೇ ಕಾರ್ಟ್ರಿಜ್ಜಿನ ಮೇಲೆ ದಿನವೂ ಬರೆದಲ್ಲಿ, ನಿನ್ನೆಯ ತಪ್ಪು ಇಂದಿನ ಪ್ರತಿಯಲ್ಲೂ ಸೇರಿಬಿಡುತ್ತದೆ. ಆದ್ದರಿಂದ ಕೆಳಕಂಡ ಸರದಿಯನ್ನು ಅನುಸರಿಸಬಹುದು:

ದಿನವಹಿ: ಸೋಮವಾರದಿಂದ ಶುಕ್ರವಾರದವರೆಗೆ 5 ಕಾರ್ಟ್ರಿಜ್, ಮುಂದಿನ ವಾರ ಮರುಬಳಕೆ.
ವಾರದ ಪ್ರತಿ: ಶನಿವಾರಗಳಿಗೆ 4 ಕಾರ್ಟ್ರಿಜ್, ಮುಂದಿನ ತಿಂಗಳು ಮರುಬಳಕೆ.
ತಿಂಗಳ ಪ್ರತಿ: ಕೊನೆಯ ಶನಿವಾರಕ್ಕೆ ವರ್ಷಕ್ಕೆ 12 ಕಾರ್ಟ್ರಿಜ್, ಮುಂದಿನ ವರ್ಷ ಮರುಬಳಕೆ.

ಒಟ್ಟು 21 ಕಾರ್ಟ್ರಿಜ್‌ಗಳಾಗುತ್ತವೆ. ಇದಲ್ಲದೆ ಪ್ರತಿ ಮಾರ್ಚ್ 31ರ ಲೆಕ್ಕವನ್ನು ಪ್ರತ್ಯೇಕ ಕಾರ್ಟ್ರಿಜ್ಜಿಗೆ ಬರೆದು, ಬರಹ-ತಡೆ ಗುಂಡಿಯನ್ನು ಸರಿಸಿ, ಕಾನೂನಿನ ಅವಧಿ ಮುಗಿಯುವವರೆಗೆ ಇಡತಕ್ಕದ್ದು. ಪ್ರತಿ ಕಾರ್ಟ್ರಿಜ್ಜಿನ ಮೇಲೆ ಸಂಖ್ಯೆ ಬರೆದು, ದಿನಾಂಕ ಹಾಗೂ ವಿವರಗಳನ್ನು ಒಂದು ವಹಿಯಲ್ಲಿ ನಮೂದಿಸಬೇಕು.

6. ಸಂಗ್ರಹಣೆ

ವಾರದ ಮತ್ತು ತಿಂಗಳ ಪ್ರತಿಗಳನ್ನು ಅಂಗಡಿಯಲ್ಲಿಯೇ ಇಡದೆ ಬೇರೆ ಕಟ್ಟಡದಲ್ಲಿ ಇಡಬೇಕು. ಮೂಲ ಲೆಕ್ಕಪತ್ರಗಳು ಮಾತ್ರ ನೋಂದಣಿ ಪತ್ರದಲ್ಲಿ ನಮೂದಿಸಿದ ಮುಖ್ಯ ವ್ಯಾಪಾರ ಸ್ಥಳದಲ್ಲೇ ಇರತಕ್ಕದ್ದು. ಕಾಗದದ ರಕ್ಷಣೆಗೆಂದು ತಯಾರಿಸಿದ ಬೆಂಕಿನಿರೋಧಕ ಬೀರುವನ್ನು ನೆಚ್ಚಬಾರದು. ಕಾಗದ ತಡೆಯುವಷ್ಟು ಬಿಸಿಯನ್ನು ಟೇಪ್ ತಡೆಯುವುದಿಲ್ಲ. ದೀರ್ಘಕಾಲ ಇಡುವ ಕಾರ್ಟ್ರಿಜ್‌ಗಳಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇಕಡಾ 20ರಿಂದ 50ರ ತೇವಾಂಶ ಸೂಕ್ತ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವಾಂಶ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ, ಬಿಗಿಯಾದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಒಳ್ಳೆಯದು.

ಎಲ್‌ಟಿಒ-4 ಮತ್ತು ನಂತರದ ಡ್ರೈವ್‌ಗಳಲ್ಲಿ ದತ್ತಾಂಶವನ್ನು ಗೂಢಲಿಪಿಯಲ್ಲಿ ಬರೆಯುವ ಸೌಲಭ್ಯವಿದೆ. ಇದನ್ನು ಬಳಸುವವರು ಸಂಕೇತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಟೇಪಿನಿಂದ ಪ್ರತ್ಯೇಕವಾಗಿ ಇಡಬೇಕು. ಸಂಕೇತಪದ ಮರೆತಲ್ಲಿ ಯಾರಿಂದಲೂ ದತ್ತಾಂಶ ತೆಗೆಯಲಾಗದು. ಅಧಿಕಾರಿಗಳು ಕೋರಿದಾಗ ಕಡತಗಳ ಸಂಕೇತಪದಗಳನ್ನು ಒದಗಿಸುವುದು ನಿಯಮ 57ರಂತೆ ವರ್ತಕರ ಕರ್ತವ್ಯವೂ ಆಗಿದೆ.

7. ಮರುಪಡೆಯುವಿಕೆಯ ಪರೀಕ್ಷೆ

ಬ್ಯಾಕಪ್ ಯಶಸ್ವಿಯಾಯಿತೆಂಬ ಸಂದೇಶವನ್ನು ಮಾತ್ರ ನಂಬಿ ಇರಬಾರದು. ಮೂರು ತಿಂಗಳಿಗೊಮ್ಮೆ ಯಾವುದಾದರೊಂದು ಹಳೆಯ ಕಾರ್ಟ್ರಿಜ್ಜನ್ನು ತೆಗೆದುಕೊಂಡು, ಬೇರೊಂದು ಗಣಕಯಂತ್ರಕ್ಕೆ ಲೆಕ್ಕಗಳನ್ನು ಮರಳಿ ತಂದು, ಆ ದಿನದ ತಾಳೆಪಟ್ಟಿಯ ಮೊತ್ತವನ್ನು ಮುದ್ರಿತ ಪ್ರತಿಯೊಂದಿಗೆ ಹೋಲಿಸಬೇಕು. ಮೊತ್ತ ತಾಳೆಯಾದಲ್ಲಿ ಮಾತ್ರ ಆ ಪ್ರತಿಯನ್ನು ನೆಚ್ಚಬಹುದು. ಡ್ರೈವ್ ಸೂಚನೆ ನೀಡಿದಾಗ ಸ್ವಚ್ಛತಾ ಕಾರ್ಟ್ರಿಜ್ ಬಳಸಬೇಕು.

8. ದಾಖಲೆ ನಷ್ಟವಾದಲ್ಲಿ

ದುಷ್ಟ ತಂತ್ರಾಂಶದ ದಾಳಿಯೆಂದು ಕಂಡುಬಂದಲ್ಲಿ ಮೊದಲು ಜಾಲದ ತಂತಿಯನ್ನು ಕಳಚಬೇಕು. ಗಣಕಯಂತ್ರವನ್ನು ಪೂರ್ಣವಾಗಿ ಶುದ್ಧಗೊಳಿಸುವವರೆಗೆ ಯಾವ ಕಾರ್ಟ್ರಿಜ್ಜನ್ನೂ ಡ್ರೈವಿಗೆ ಹಾಕಬಾರದು. ಸೈಬರ್ ವಂಚನೆಯಿಂದ ಹಣ ನಷ್ಟವಾಗಿದ್ದಲ್ಲಿ 1930 ಸಹಾಯವಾಣಿಗೆ ಕೂಡಲೇ ತಿಳಿಸಬೇಕು. ಬೆಂಕಿ, ನೆರೆ ಅಥವಾ ಕಳವಿನ ಸಂದರ್ಭದಲ್ಲಿ ಪೊಲೀಸ್ ಠಾಣೆಗೆ ನೀಡಿದ ದೂರಿನ ಪ್ರತಿಯನ್ನು ಇಟ್ಟುಕೊಂಡು, ಸಂಬಂಧಪಟ್ಟ ತೆರಿಗೆ ಅಧಿಕಾರಿಗೆ ಲಿಖಿತವಾಗಿ ತಿಳಿಸುವುದು ವರ್ತಕರ ಹಿತದೃಷ್ಟಿಯಿಂದ ಸೂಕ್ತ.

ವಿ.ಸೂ.: ಟೇಪನ್ನೇ ಬಳಸಬೇಕೆಂದು ಕಾನೂನು ವಿಧಿಸುವುದಿಲ್ಲ. ಯಾವುದೇ ವಿಧಾನವನ್ನು ಅನುಸರಿಸಿದರೂ, ದಾಖಲೆಗಳನ್ನು ಕೋರಿದಾಗ ಓದಬಹುದಾದ ರೂಪದಲ್ಲಿ ಹಾಜರುಪಡಿಸಲು ಸಾಧ್ಯವಾಗುವಂತಿರಬೇಕು. ಮೇಲ್ಕಂಡ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರವಾಗಿದ್ದು, ಅಧಿನಿಯಮ ಮತ್ತು ನಿಯಮಗಳ ಉಪಬಂಧಗಳೇ ಅಂತಿಮವಾಗಿರುತ್ತವೆ.