ಮನೆ ಒಡೆದರೂ ಒಡೆಯದ ಹಾಡು

ಅಮೆರಿಕದ ವರ್ಜೀನಿಯ ಮತ್ತು ಟೆನೆಸಿ ರಾಜ್ಯಗಳ ನಡುವಣ ಗಡಿರೇಖೆಯು ಬ್ರಿಸ್ಟಲ್ ಎಂಬ ಪಟ್ಟಣದ ಮುಖ್ಯ ಬೀದಿಯ ನಡುವೆಯೇ ಹಾದುಹೋಗಿದೆ. ಬೀದಿಯ ಒಂದು ಮಗ್ಗುಲಿನ ಅಂಗಡಿಗಳು ಒಂದು ರಾಜ್ಯಕ್ಕೂ ಎದುರು ಮಗ್ಗುಲಿನವು ಮತ್ತೊಂದಕ್ಕೂ ಸೇರಿವೆ. ಗಡಿಯ ಬಾಳನ್ನು ಬಲ್ಲ ನಮ್ಮ ಓದುಗರಿಗೆ ಇದು ಅಚ್ಚರಿಯೆನಿಸಲಾರದು. 1927ರ ಬೇಸಗೆಯಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಎಂಬವರು ಇಲ್ಲಿ ಬೀಡುಬಿಟ್ಟು, ಗುಡ್ಡಗಾಡಿನ ಹಾಡುಗಾರರ ಧ್ವನಿಯನ್ನು ಗ್ರಾಮಫೋನ್ ತಟ್ಟೆಗಳಿಗಾಗಿ ಮುದ್ರಿಸಿಕೊಳ್ಳುತ್ತಿದ್ದರು. ಆಗಸ್ಟ್ 1ರಂದು ಅವರ ಮುಂದೆ ಬಂದು ನಿಂತವರು ಒಂದೇ ಮನೆತನದ ಮೂವರು: ಎ. ಪಿ. ಕಾರ್ಟರ್, ಅವರ ಪತ್ನಿ ಸಾರಾ, ಮತ್ತು ಮೇಬೆಲ್. ಮೇಬೆಲ್ ಸಾರಾ ಅವರ ದಾಯಾದಿ ತಂಗಿ, ಎ. ಪಿ. ಅವರ ತಮ್ಮನ ಕೈಹಿಡಿದವರು. ವಯಸ್ಸು 18, ತುಂಬು ಬಸುರಿ. ಎರಡು ದಿನಗಳಲ್ಲಿ ಅವರು 6 ಹಾಡುಗಳನ್ನು ಹಾಡಿಕೊಟ್ಟರು.

ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರ್‌ಗಳ ಮೇಳದಿಂದ ಮೂಡುವ ಬ್ಲೂಗ್ರಾಸ್ ಸಂಗೀತವು 1940ರ ದಶಕದಲ್ಲಿ ಬಿಲ್ ಮನ್ರೊ ಅವರ ತಂಡದಲ್ಲಿ ರೂಪುಗೊಂಡಿತು. ಆದರೆ ಆ ಸಂಗೀತದ ತಂಡಗಳು ಹಾಡುತ್ತ ಬಂದ ಹಾಡುಗಳಲ್ಲಿ ಹಲವು ಕಾರ್ಟರ್ ಕುಟುಂಬದ ಭಂಡಾರದಿಂದ ಬಂದವು. ಆದುದರಿಂದಲೇ ಈ ಮನೆತನದ ಕಥೆಯನ್ನು ನಾವು ಇಲ್ಲಿ ಹೇಳಲು ಹೊರಟಿದ್ದೇವೆ.

ಕ್ಲಿಂಚ್ ಪರ್ವತದ ಅಡಿಯಲ್ಲಿರುವ ಅವರ ಕಣಿವೆಯ ಹೆಸರೇ 'ಬಡವರ ಕಣಿವೆ' ಎಂಬರ್ಥದ ಪುಅರ್ ವ್ಯಾಲಿ. ಎ. ಪಿ. ಹಣ್ಣಿನ ಸಸಿಗಳನ್ನು ಊರೂರಿಗೆ ಮಾರುತ್ತಿದ್ದವರು. ಹಾಗೆ ಹೋದಾಗ ಸಾರಾ ಅವರ ಹಾಡು ಕಿವಿಗೆ ಬಿದ್ದು ಮನಸೋತರೆಂದು ಹೇಳುತ್ತಾರೆ. 1915ರಲ್ಲಿ ಮದುವೆಯಾಯಿತು. ಸಾರಾ ಅವರದು ಗಂಭೀರವಾದ ಕಂಠ. ಮೇಬೆಲ್ ಅವರದು ಅಪೂರ್ವವಾದ ಕೈಚಳಕ. ಹೆಬ್ಬೆರಳಿನಿಂದ ಗಿಟಾರಿನ ಮಂದ್ರ ತಂತಿಗಳ ಮೇಲೆ ಹಾಡಿನ ಧಾಟಿಯನ್ನು ನುಡಿಸುತ್ತ, ಉಳಿದ ಬೆರಳಿನಿಂದ ಮೇಲಿನ ತಂತಿಗಳಲ್ಲಿ ಲಯವನ್ನು ಹಿಡಿಯುವ ಅವರ ಕ್ರಮವನ್ನು ಮುಂದೆ ಅಸಂಖ್ಯ ವಾದಕರು ಕಲಿತರು. 1928ರಲ್ಲಿ ಮುದ್ರಿತವಾದ 'ವೈಲ್ಡ್‌ವುಡ್ ಫ್ಲವರ್' ಇಂದಿಗೂ ಗಿಟಾರ್ ಕಲಿಯುವವರಿಗೆ ಪಾಠವಾಗಿದೆ.

ಇಷ್ಟೊಂದು ಹಾಡುಗಳು ಬಂದುದಾದರೂ ಎಲ್ಲಿಂದ? ಎ. ಪಿ. ಬೆಟ್ಟದ ಮನೆಮನೆಗೆ ಅಲೆದು ಹಳೆಯ ಹಾಡುಗಳನ್ನು ಸಂಗ್ರಹಿಸಿದರು. ಈ ಅಲೆದಾಟದಲ್ಲಿ ಅವರಿಗೆ ಜೊತೆಯಾದವರು ಲೆಸ್ಲಿ ರಿಡಲ್ ಎಂಬ ಕಪ್ಪುಜನಾಂಗದ ಗಿಟಾರ್ ವಾದಕರು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಕಾಲು ಕಳೆದುಕೊಂಡವರು. ಎ. ಪಿ. ಮಾತುಗಳನ್ನು ಬರೆದುಕೊಂಡರೆ, ರಿಡಲ್ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ಮೇಬೆಲ್ ಕೂಡ ಇವರ ವಾದನದಿಂದ ಕಲಿತರು. ವರ್ಣಭೇದವು ಕಾನೂನೇ ಆಗಿದ್ದ ದಿನಗಳಲ್ಲಿ ಈ ಸ್ನೇಹ ಸಣ್ಣ ಮಾತಲ್ಲ. ಆದರೂ ತಟ್ಟೆಗಳ ಮೇಲೆ ಅಚ್ಚಾದುದು ಎ. ಪಿ. ಕಾರ್ಟರ್ ಹೆಸರು, ರಿಡಲ್ ಅವರದಲ್ಲ, ಹಾಡಿಕೊಟ್ಟ ಅಜ್ಜಿಯರದೂ ಅಲ್ಲ. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರರು ರಿಡಲ್ ಅವರನ್ನು ಹುಡುಕಿ ಹೋಗಿ ಅವರ ಹಾಡುಗಳನ್ನು ಮುದ್ರಿಸಿಕೊಂಡ ಮೇಲೆಯೇ ಈ ಋಣದ ಸಂಗತಿ ಹಲವರಿಗೆ ತಿಳಿದುದು.

ಹಾಡು ಹುಡುಕುತ್ತ ಗಂಡ ವಾರಗಟ್ಟಲೆ ಊರ ಹೊರಗೆ. ಮಕ್ಕಳು, ಹೊಲ, ಸೌದೆ ಎಲ್ಲವೂ ಸಾರಾ ಅವರ ಪಾಲಿಗೆ. ಕೀರ್ತಿ ಬೆಳೆದಂತೆ ಮನೆ ಬಿರುಕುಬಿಟ್ಟಿತು. 1930ರ ದಶಕದ ಮೊದಲ ವರ್ಷಗಳಲ್ಲಿ ಸಾರಾ ಮನೆ ತೊರೆದರು. ಕೆಲವು ವರ್ಷಗಳ ತರುವಾಯ ವಿಚ್ಛೇದನವೂ ಆಯಿತು. ಆದರೆ ಹಾಡುವುದು ಮಾತ್ರ ನಿಲ್ಲಲಿಲ್ಲ. ಬೇರೆಯಾದ ದಂಪತಿಗಳು ಒಂದೇ ಧ್ವನಿಗ್ರಾಹಕದ ಮುಂದೆ ನಿಂತು ಗೃಹಸುಖದ ಹಾಡುಗಳನ್ನು ಹಾಡಿದರು. ಅದು ಎಂಥ ಬಿಗುಮಾನದ ದುಡಿಮೆಯಾಗಿದ್ದಿರಬೇಕು!

1938ರಲ್ಲಿ ಅವರು ಟೆಕ್ಸಸ್‌ನ ಗಡಿಯ ಡೆಲ್ ರಿಯೋ ಊರಿಗೆ ಹೋದರು. ನದಿಯಾಚೆ ಮೆಕ್ಸಿಕೊ ದೇಶದ ವಿಲ್ಲಾ ಅಕುನ್ಯಾದಲ್ಲಿ ಎಕ್ಸ್‌ಇಆರ್‌ಎ ಎಂಬ ಬಾನುಲಿ ಕೇಂದ್ರವಿತ್ತು. ಅಮೆರಿಕದ ಒಳಗೆ ಕೇಂದ್ರಗಳ ಶಕ್ತಿಗೆ 50 ಸಾವಿರ ವಾಟ್‌ಗಳ ಮಿತಿ. ಗಡಿಯಾಚೆಯ ಈ ಕೇಂದ್ರಕ್ಕೆ ಆ ಕಟ್ಟಳೆ ಇರಲಿಲ್ಲ. ಅಲ್ಲಿಂದ ಹೊರಟ ಕಾರ್ಟರರ ದನಿ ಅಮೆರಿಕದ ಮೂಲೆಮೂಲೆಯ ಒಕ್ಕಲುಮನೆಗಳನ್ನು ತಲುಪಿತು. ಗಡಿ ನೆಲಕ್ಕಿದೆ, ದನಿಗಿಲ್ಲ ಎಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 1939ರಲ್ಲಿ ಸಾರಾ ಮರುಮದುವೆಯಾದರು. ಸುಮಾರು 300 ಹಾಡುಗಳನ್ನು ಮುದ್ರಿಸಿದ ಮೂಲ ಮೇಳವು 1943ರ ಹೊತ್ತಿಗೆ ಚದುರಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇಬೆಲ್ ತಮ್ಮ ಮೂವರು ಹೆಣ್ಣುಮಕ್ಕಳಾದ ಹೆಲೆನ್, ಜೂನ್ ಮತ್ತು ಅನಿಟಾ ಅವರನ್ನು ಕಟ್ಟಿಕೊಂಡು ಹೊಸ ಮೇಳ ಹೂಡಿದರು. ಜೂನ್ 1968ರಲ್ಲಿ ಗಾಯಕ ಜಾನಿ ಕ್ಯಾಶ್ ಅವರನ್ನು ವರಿಸಿದರು. ಇತ್ತ ಎ. ಪಿ. ಹುಟ್ಟೂರಿನಲ್ಲಿ ಕಿರಾಣಿ ಅಂಗಡಿ ನಡೆಸಿಕೊಂಡಿದ್ದು 1960ರಲ್ಲಿ ತೀರಿಕೊಂಡರು. ಹಾಡನ್ನು ಉಳಿಸುವೆನೆಂದು ತಂದೆಗೆ ಮಾತು ಕೊಟ್ಟಿದ್ದ ಮಗಳು ಜ್ಯಾನೆಟ್, 1974ರಲ್ಲಿ ಅದೇ ಅಂಗಡಿಯಲ್ಲಿ ಶನಿವಾರದ ಹಾಡುಗಾರಿಕೆ ಆರಂಭಿಸಿದರು. ಮುಂದೆ ಪಕ್ಕದಲ್ಲೇ 'ಕಾರ್ಟರ್ ಫೋಲ್ಡ್' ಎಂಬ ಸಭಾಂಗಣವೂ ಎದ್ದಿತು. ವಿದ್ಯುತ್ ವಾದ್ಯಗಳಿಗೆ ಅಲ್ಲಿ ಎಡೆಯಿಲ್ಲವೆಂಬುದು ಅವರ ನಿಯಮ. 2006ರಲ್ಲಿ ಜ್ಯಾನೆಟ್ ತೀರಿಕೊಂಡ ಮೇಲೆ ಅವರ ಮಗಳು ಆ ಹೊಣೆಯನ್ನು ಹೊತ್ತರು.

ದಾಂಪತ್ಯ ಉಳಿಯಲಿಲ್ಲ, ಮೇಳ ಉಳಿಯಲಿಲ್ಲ, ಹಾಡು ಉಳಿಯಿತು. ಅದು ತಾನಾಗಿ ಉಳಿದುದಲ್ಲ. ಪ್ರತಿ ತಲೆಮಾರಿನಲ್ಲಿ ಒಬ್ಬರಾದರೂ ಹೊರೆ ಹೊತ್ತುದರಿಂದ ಉಳಿಯಿತು. ನಮ್ಮ ಮನೆಗಳಲ್ಲಿಯೂ ಸೋಬಾನೆಯ ಪದ, ಬೀಸುವ ಹಾಡು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವನ್ನು ಬರೆದಿಟ್ಟುಕೊಳ್ಳುವಾಗ ಹಾಡಿದವರ ಹೆಸರನ್ನೂ, ಅವರಿಗೆ ಕಲಿಸಿದವರ ಹೆಸರನ್ನೂ ಕೆಳಗೆ ಬರೆಯೋಣ. ಲೆಸ್ಲಿ ರಿಡಲ್ ಅವರಿಗೆ ಸಕಾಲದಲ್ಲಿ ಸಲ್ಲದೆ ಹೋದ ಗೌರವ ನಮ್ಮ ಅಜ್ಜಿಯರಿಗಾದರೂ ಸಲ್ಲಲಿ.